ಮಬ್ಬನ್ನು ಅಳೆದ ಅನ್ನಾ ಮಣಿ

ಮಳೆಗಾಲದಲ್ಲಿ ಕೊಡಗಿನ ತೋಟದ ಮನೆಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ ಮಾಡುವ ಒಂದು ಕೆಲಸ ಇದೆ. ಅಂಗಳದ ಮಳೆಮಾಪಕ ನೋಡಿ ಎಷ್ಟು ಇಂಚು, ಎಷ್ಟು ಸೆಂಟು ಅಂತ ಬರೆದಿಡುವುದು. ಆಮೇಲೆ ಪಕ್ಕದ ತೋಟಕ್ಕೆ ಫೋನ್ ಮಾಡಿ ಅಲ್ಲಿ ಎಷ್ಟು ಅಂತ ಕೇಳುವುದು. ಮಳೆ ಅಳೆಯೋದು ನಮಗೆ ಹೊಸದಲ್ಲ. ಆದರೆ ಮಳೆಗೂ ಮೊದಲು, ಬೇಸಿಗೆಯಲ್ಲಿ, ದೂರದ ಬೆಟ್ಟಗಳನ್ನು ಮಸುಕು ಮಾಡುವ ಧೂಳು, ಹೊಗೆಯ ಮಬ್ಬನ್ನೂ ಅಳೆಯಬಹುದು ಅಂತ ನಮಗೆ ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ ಆ ಕೆಲಸ ಮಾಡಿದ ಮೊದಲಿಗರಲ್ಲಿ ಒಬ್ಬರು ಅನ್ನಾ ಮಣಿ. ನಾವೆಲ್ಲ ಹುಟ್ಟುವ ಮೊದಲೇ ತೀರಿಹೋದವರು.

ಅವರು ಹುಟ್ಟಿದ್ದು 1918ರ ಆಗಸ್ಟ್ 23ರಂದು, ತಿರುವಾಂಕೂರಿನ ಪೀರುಮೇಡಿನಲ್ಲಿ. ಅದೂ ನಮ್ಮದೇ ಪಶ್ಚಿಮ ಘಟ್ಟ. ತಂದೆ ಸಿವಿಲ್ ಎಂಜಿನಿಯರ್, ಜೊತೆಗೆ ಏಲಕ್ಕಿ ತೋಟದ ಮಾಲೀಕರು. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಎಂಟನೇ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಕೊಡುವ ಪದ್ಧತಿ ಇತ್ತು. ಈ ಹುಡುಗಿ ಓಲೆ ಬೇಡ ಅಂತ ಹೇಳಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ತರಿಸಿಕೊಂಡಳು.

ಬೇಡ ಅಂದ ವಜ್ರ ಆಮೇಲೆ ಬೇರೆ ರೀತಿಯಲ್ಲಿ ಕೈಗೆ ಬಂತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1940ರಲ್ಲಿ ಸ್ಕಾಲರ್‌ಶಿಪ್ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಅವರ ಲ್ಯಾಬಿಗೆ ಬಂದರು. ಅಲ್ಲಿ ವಜ್ರ, ಮಾಣಿಕ್ಯಗಳು ಬೆಳಕಿಗೆ ಹೇಗೆ ಸ್ಪಂದಿಸುತ್ತವೆ ಅನ್ನೋದು ಅವರ ವಿಷಯ. ಒಂದು ಫೋಟೋ ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ಬೀಳಬೇಕಿತ್ತು, ಹಾಗಾಗಿ ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಮಲಗುತ್ತಿದ್ದರು. ಒಬ್ಬರೇ ಐದು ಪ್ರಬಂಧ ಬರೆದರು. 1945ರಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸಿದಾಗ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಎಂಎಸ್ಸಿ ಇಲ್ಲ ಅನ್ನೋ ಕಾರಣಕ್ಕೆ ಪದವಿ ಕೊಡಲಿಲ್ಲ. ಐದು ವರ್ಷದ ಕೆಲಸ, ಕೈಯಲ್ಲಿ ಡಿಗ್ರಿ ಇಲ್ಲ. ಒಂದು ಬ್ಯಾಕ್ ಬಂದರೆ ವಾರಗಟ್ಟಲೆ ಊಟ ಸೇರದ ನಮಗೆ ಇದನ್ನು ಓದಿ ಸಂಕಟ ಆಯ್ತು.

ಅವರು ನಿಲ್ಲಲಿಲ್ಲ. ಅದೇ ವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ಫಿಸಿಕ್ಸ್ ಮಾಡುವ ಆಸೆ ಇತ್ತು, ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. 1948ರಲ್ಲಿ ಮರಳಿ ಬಂದು ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ಸಾಧಾರಣ ಉಪಕರಣಗಳೂ ವಿದೇಶದಿಂದ ಬರಬೇಕಿತ್ತು. ಅವರು ಸುಮಾರು 100 ಉಪಕರಣಗಳ ಡ್ರಾಯಿಂಗ್‌ಗಳನ್ನು ಒಂದೇ ಮಾನದಂಡಕ್ಕೆ ತಂದು ಇಲ್ಲೇ ತಯಾರಿಸುವ ವ್ಯವಸ್ಥೆ ಮಾಡಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಅನ್ನೋದು ಅವರ ಗಟ್ಟಿ ನಂಬಿಕೆ.

1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ಸೂರ್ಯನ ಶಾಖ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಮಬ್ಬಿನ ಲೆಕ್ಕ ಸಿಕ್ಕಿದ್ದು ಇಲ್ಲಿಂದಲೇ. ಮೋಡವಿಲ್ಲದ ದಿನ ನೆಲಕ್ಕೆ ಇಷ್ಟು ಬಿಸಿಲು ಬರಬೇಕು ಅಂತ ಲೆಕ್ಕ ಹಾಕಬಹುದು. ಅದಕ್ಕಿಂತ ಕಡಿಮೆ ಬಂದರೆ, ನಡುವೆ ಇರುವ ಧೂಳು, ಹೊಗೆಯ ಕಣಗಳು ಎಷ್ಟು ತಡೆದಿವೆ ಅಂತ ತಿಳಿಯುತ್ತೆ. ಸಹೋದ್ಯೋಗಿಗಳ ಜೊತೆ ಅವರು ಭಾರತದ ಗಾಳಿಯ ಮಬ್ಬಿನ ಬಗ್ಗೆ 1969ರಲ್ಲಿ ಪ್ರಬಂಧ ಪ್ರಕಟಿಸಿದರು.

ಇದಕ್ಕೂ ಮಳೆಗೂ ಏನು ಸಂಬಂಧ? ಮೋಡದ ಹನಿ ಕಟ್ಟೋಕೆ ಒಂದು ಕಣ ಬೇಕೇ ಬೇಕು. ಕಣಗಳು ಜಾಸ್ತಿಯಾದರೆ ಇರುವ ನೀರೇ ಹಂಚಿಹೋಗಿ ಹನಿಗಳು ಸಣ್ಣದಾಗುತ್ತವೆ, ಒಂದಕ್ಕೊಂದು ಕೂಡಿ ಮಳೆಯಾಗೋದು ತಡವಾಗುತ್ತೆ. ಇನ್ನೊಂದು, ಮುಂಗಾರನ್ನು ಎಳೆದು ತರುವುದು ನೆಲ ಮತ್ತು ಕಡಲಿನ ಬಿಸಿಯ ವ್ಯತ್ಯಾಸ. ಕಣಗಳು ಬಿಸಿಲನ್ನು ತಡೆದರೆ ನೆಲ ಕಾಯೋದು ಕಡಿಮೆ, ಆ ಎಳೆತವೂ ಕಡಿಮೆ. ಕಪ್ಪು ಮಸಿ ಮಾತ್ರ ಬಿಸಿಲು ಹೀರಿ ಗಾಳಿಯನ್ನೇ ಕಾಯಿಸುತ್ತೆ, ಅದರ ಪರಿಣಾಮ ಬೇರೆ. ಹಾಗಾಗಿ 2018ರ ಆಗಸ್ಟಿನಲ್ಲಿ ನಮ್ಮ ಬೆಟ್ಟಗಳನ್ನೇ ಕುಸಿಯುವಂತೆ ಮಾಡಿದ ಮಳೆಯಾಗಲಿ, ಮಳೆ ಕೈಕೊಟ್ಟ ಯಾವುದೋ ಒಂದು ವರ್ಷವಾಗಲಿ, ಸುಮ್ಮನೆ ಹೊಗೆಯ ತಲೆಗೆ ಕಟ್ಟೋಕೆ ಆಗಲ್ಲ. ಹತ್ತಾರು ವರ್ಷಗಳ ನಂಬಬಹುದಾದ ಅಳತೆಗಳು ಬೇಕು.

ಅನ್ನಾ ಮಣಿ 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾಗಿ ಮತ್ತೆ ಬೆಂಗಳೂರಿಗೆ, ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಆ ಪದವಿ ಸಿಗದ ಪ್ರಬಂಧ ಈಗ ಇರುವುದೂ ಅಲ್ಲಿನ ಲೈಬ್ರರಿಯಲ್ಲೇ. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ಹೋದ ವರ್ಷ ಫಿಸಿಕ್ಸ್ ಲ್ಯಾಬಿನಲ್ಲಿ ಗ್ರಾಫ್ ನೇರ ಬರಲಿ ಅಂತ ನಾವು ಎರಡು ರೀಡಿಂಗ್ ತಿದ್ದಿದ್ದೆವು. ಮಾರ್ಕ್ಸ್ ಪೂರ್ತಿ ಬಂತು, ಖುಷಿಯೂ ಆಯ್ತು. ಈ ಲೇಖನ ಬರೆಯುವಾಗ ಆ ರೆಕಾರ್ಡ್ ಬುಕ್ ತೆಗೆದು ನೋಡಿದೆವು. ಯಾವ ಎರಡು ಅಂತ ಈಗ ನಮಗೇ ಗೊತ್ತಾಗಲಿಲ್ಲ.