ರಾಮಮನೋಹರ ಲೋಹಿಯಾ: ನೆಹರೂ ನಿಷ್ಠೆಯಿಂದ ನೆಹರೂ ವಿರೋಧದವರೆಗೆ

ಸ್ವಾತಂತ್ರ್ಯೋತ್ತರ ಭಾರತದಲ್ಲಿ ಜವಾಹರಲಾಲ್ ನೆಹರೂ ಅವರ ಅತ್ಯಂತ ಕಟುವಾದ ವಿಮರ್ಶಕರೆಂದು ಡಾ. ರಾಮಮನೋಹರ ಲೋಹಿಯಾ (1910-1967) ಪ್ರಸಿದ್ಧರು. ಲೋಹಿಯಾ ಅವರು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದ್ದು ನೆಹರೂ ಅವರ ಅಭಿಮಾನಿಯಾಗಿ, ಸಹಾಯಕರಾಗಿ ಎಂಬ ಸಂಗತಿ ಈ ಪ್ರಸಿದ್ಧಿಯಲ್ಲಿ ಮರೆಯಾಗಿದೆ. ಅವರ ವಿರೋಧವನ್ನು ವ್ಯಕ್ತಿದ್ವೇಷವೆಂದು ಬಗೆಯುವುದು ರೂಢಿ. ಆದರೆ ದೇಶವು ಮೊದಲು ಮಾಡಬೇಕಾದ ಕೆಲಸ ಯಾವುದು ಎಂಬ ಪ್ರಶ್ನೆಯಲ್ಲಿ ಉಂಟಾದ ನಿರಾಸೆಯೇ ಅದರ ಮೂಲವೆಂಬುದು ಅವರ ಬದುಕಿನಿಂದ ಸ್ಪಷ್ಟವಾಗುತ್ತದೆ.

ಇಂದಿನ ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ ಹುಟ್ಟಿದ ಲೋಹಿಯಾ ಅವರಿಗೆ ರಾಷ್ಟ್ರೀಯ ಚಳವಳಿ ತಂದೆ ಹೀರಾಲಾಲರಿಂದ ಬಂದ ಬಳುವಳಿ. ಬರ್ಲಿನ್ನಿನಲ್ಲಿ ಉಪ್ಪಿನ ತೆರಿಗೆಯನ್ನು ಕುರಿತು ಸಂಶೋಧನೆ ನಡೆಸಿ 1933ರಲ್ಲಿ ಮರಳಿದ ಅವರು, ಮರುವರ್ಷ ಕಾಂಗ್ರೆಸ್ ಸಮಾಜವಾದಿ ಪಕ್ಷದ ಸ್ಥಾಪಕರಲ್ಲಿ ಒಬ್ಬರಾದರು. 1936ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ನೆಹರೂ ಪಕ್ಷಕ್ಕೆ ವಿದೇಶಾಂಗ ವಿಭಾಗವೊಂದನ್ನು ರೂಪಿಸಿ ಅದರ ಹೊಣೆಯನ್ನು ಈ ತರುಣನಿಗೆ ಒಪ್ಪಿಸಿದರು. ಅಲಹಾಬಾದಿನ ಆ ಎರಡು ವರ್ಷಗಳು ಇಬ್ಬರ ಆತ್ಮೀಯತೆಯ ಕಾಲ. ಸಮಾಜವಾದವನ್ನು ಕಾಂಗ್ರೆಸ್ಸಿನ ಒಳಗೆ ತರಬಲ್ಲ ನಾಯಕ ನೆಹರೂ ಒಬ್ಬರೇ ಎಂಬುದು ಅಂದಿನ ತರುಣ ಸಮಾಜವಾದಿಗಳಲ್ಲಿ ಅನೇಕರ ನಂಬಿಕೆಯಾಗಿತ್ತು.

ಎರಡನೆಯ ಮಹಾಯುದ್ಧ ಈ ನಂಬಿಕೆಯನ್ನು ಅಲುಗಿಸಿತು. ಫ್ಯಾಸಿಸಂನ ಸೋಲು ನೆಹರೂ ಅವರಿಗೆ ಮುಖ್ಯವಾಗಿದ್ದರೆ, ಬ್ರಿಟಿಷರ ಯುದ್ಧಕ್ಕೆ ಭಾರತೀಯರು ನೆರವಾಗಕೂಡದೆಂಬುದು ಲೋಹಿಯಾ ಅವರ ನಿಲುವು. 1942ರಲ್ಲಿ ಭೂಗತರಾಗಿ ಗುಪ್ತ ರೇಡಿಯೋ ಕೇಂದ್ರದೊಡನೆ ದುಡಿದ ಅವರು 1944ರಲ್ಲಿ ಸೆರೆಸಿಕ್ಕಿ ಲಾಹೋರ್ ಕೋಟೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು. ದೇಶವಿಭಜನೆಯನ್ನು ಒಪ್ಪಿದ 1947ರ ಜೂನ್ ತಿಂಗಳ ಕಾಂಗ್ರೆಸ್ ಕಾರ್ಯಸಮಿತಿಗೆ ಅವರು ವಿಶೇಷ ಆಹ್ವಾನಿತರು. ಅಂದಿನ ನಿರಾಸೆ 1960ರಲ್ಲಿ ಪ್ರಕಟವಾದ ವಿಭಜನೆಯನ್ನು ಕುರಿತ ಪುಸ್ತಕದಲ್ಲಿ ಆರೋಪಪಟ್ಟಿಯ ರೂಪ ತಾಳಿತು.

1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸನ್ನು ತೊರೆದರು. ಆದರೂ ಹಳೆಯ ಸ್ನೇಹ ಒಮ್ಮೆಲೇ ಕಡಿದುಹೋಗಲಿಲ್ಲ. 1949ರಲ್ಲಿ ದೆಹಲಿಯ ನೇಪಾಳ ರಾಯಭಾರ ಕಚೇರಿಯೆದುರು ಪ್ರತಿಭಟಿಸಿ ಜೈಲು ಸೇರಿದ ಲೋಹಿಯಾ ಅವರಿಗೆ ಪ್ರಧಾನಿ ನೆಹರೂ ಮಾವಿನಹಣ್ಣಿನ ಬುಟ್ಟಿ ಕಳುಹಿಸಿದ್ದುಂಟು. ಸೆರೆಯಲ್ಲಿಟ್ಟ ಸರ್ಕಾರವೂ ಅವರದೇ, ಹಣ್ಣೂ ಅವರದೇ!

1951ರ ಜೂನಿನಲ್ಲಿ ಲೋಹಿಯಾ ಮೈಸೂರು ಸಂಸ್ಥಾನದ ಸಾಗರಕ್ಕೆ ಬಂದರು. ಸಮೀಪದ ಕಾಗೋಡಿನಲ್ಲಿ ಗೇಣಿಭತ್ತವನ್ನು ಅಳೆಯುವ ಕೊಳಗದ ಗಾತ್ರದ ವಿಚಾರವಾಗಿ ಒಡೆಯರಿಗೂ ಗೇಣಿದಾರರಿಗೂ ಹುಟ್ಟಿದ ತಕರಾರು ಸತ್ಯಾಗ್ರಹವಾಗಿ ಬೆಳೆದಿತ್ತು. ಅದರಲ್ಲಿ ಪಾಲ್ಗೊಂಡು ಅವರು ಬಂಧನಕ್ಕೊಳಗಾದರು. ಮೈಸೂರಿನಲ್ಲಿಯೂ ಆಗ ಆಳುತ್ತಿದ್ದುದು ಕಾಂಗ್ರೆಸ್ಸೇ. ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾದ ವರ್ಷವೇ ಉಳುವವನು ನ್ಯಾಯವಾದ ಅಳತೆಗಾಗಿ ಜೈಲಿಗೆ ಹೋಗಬೇಕಾಗಿತ್ತು. ಲೋಹಿಯಾ ಅವರ ಅಸಮಾಧಾನಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಸಿಗಲಾರದು.

1955ರ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ ಸಮಾಜವಾದಿ ಮಾದರಿಯ ಸಮಾಜವನ್ನು ತನ್ನ ಗುರಿಯೆಂದು ಸಾರಿದಾಗ ಹಲವು ಸಮಾಜವಾದಿಗಳು ಮೆತ್ತಗಾದರು, ಲೋಹಿಯಾ ಮೆತ್ತಗಾಗಲಿಲ್ಲ. ಹಿಂದಿನ ವರ್ಷವಷ್ಟೇ, ತಿರುವಾಂಕೂರು-ಕೊಚ್ಚಿಯಲ್ಲಿ ತಮ್ಮದೇ ಪಕ್ಷದ ಸರ್ಕಾರ ಗೋಲಿಬಾರು ನಡೆಸಿದಾಗ ಅದು ರಾಜೀನಾಮೆ ನೀಡಬೇಕೆಂದು ಪಟ್ಟುಹಿಡಿದವರು ಅವರು. ಕೊನೆಗೆ ಆ ಪಕ್ಷದಿಂದ ಹೊರಬಿದ್ದು ಬೇರೆಯೇ ಸಮಾಜವಾದಿ ಪಕ್ಷವನ್ನು ಕಟ್ಟಿದರು. ಆಡಳಿತದಿಂದ ಇಂಗ್ಲಿಷಿನ ನಿರ್ಗಮನ, ಸ್ತ್ರೀಯರೂ ಶೂದ್ರ, ದಲಿತ, ಆದಿವಾಸಿಗಳೂ ಸೇರಿದಂತೆ ಹಿಂದುಳಿದವರಿಗೆ ಶೇಕಡ 60ರಷ್ಟು ಅವಕಾಶ, ಬೆಲೆಗಳ ನಿಯಂತ್ರಣ ಇವು ಆ ಪಕ್ಷದ ಆದ್ಯತೆಗಳಾದವು. ಬೃಹತ್ ಕೈಗಾರಿಕೆ ಮತ್ತು ವಿಶ್ವವೇದಿಕೆಯತ್ತ ಮುಖಮಾಡಿದ್ದ ನೆಹರೂ ಅವರ ಕಾರ್ಯಕ್ರಮದಲ್ಲಿ ಇವಕ್ಕೆ ಹಿಂದಿನ ಸಾಲು.

1962ರಲ್ಲಿ ಫೂಲ್ಪುರದಲ್ಲಿ ನೆಹರೂ ವಿರುದ್ಧವೇ ಸ್ಪರ್ಧಿಸಿದ ಲೋಹಿಯಾ 60 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಮರುವರ್ಷ ಫರೂಕಾಬಾದ್ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದರು. ಆಚಾರ್ಯ ಕೃಪಲಾನಿ 1963ರ ಆಗಸ್ಟಿನಲ್ಲಿ ಮಂಡಿಸಿದ ಅವಿಶ್ವಾಸ ನಿರ್ಣಯ ಸ್ವತಂತ್ರ ಭಾರತದ ಲೋಕಸಭೆಯಲ್ಲಿ ಮೊದಲನೆಯದು. ಆ ಚರ್ಚೆಯಲ್ಲಿ ಲೋಹಿಯಾ, ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿರುವಾಗ ಪ್ರಧಾನಿಯವರ ಮೇಲೆ ದಿನಕ್ಕೆ 25,000 ರೂಪಾಯಿ ವೆಚ್ಚವಾಗುತ್ತಿದೆಯೆಂದು ಆಪಾದಿಸಿದರು. ದಶಮಾಂಶ ನಾಣ್ಯ ಬಂದು 6 ವರ್ಷವಾಗಿದ್ದರೂ ಬಡವನ ಲೆಕ್ಕ ಇನ್ನೂ ಆಣೆಯಲ್ಲಿಯೇ ಇತ್ತು. ನೆಹರೂ ಇದನ್ನು ಒಪ್ಪದೆ 15 ಆಣೆಯ ಲೆಕ್ಕವನ್ನು ಮುಂದಿಟ್ಟರು. ಶ್ರೀಮಂತರ ಗಳಿಕೆಯನ್ನೂ ಕೂಡಿಸಿ ತೆಗೆದ ಸರಾಸರಿಯಲ್ಲಿ ಬಡವನ ಹಸಿವು ಅಡಗಿಹೋಗುತ್ತದೆಂಬುದು ಲೋಹಿಯಾ ಅವರ ವಾದದ ತಿರುಳು. ಕಾಗೋಡಿನಲ್ಲಿ ಕೊಳಗ, ಇಲ್ಲಿ ಆಣೆ. ಎರಡೂ ಕಡೆ ಜಗಳ ಅಳತೆಯದೇ. ನಿರ್ಣಯ ಭಾರೀ ಅಂತರದಿಂದ ಬಿದ್ದುಹೋಯಿತು, ಆದರೆ ಬಡತನವನ್ನು ಅಳೆಯುವ ಬಗೆ ಸಂಸತ್ತಿನ ಚರ್ಚೆಯ ವಿಷಯವಾಯಿತು.

ಲೋಹಿಯಾ ಅವರ ಮಾತು ಕೆಲವೊಮ್ಮೆ ನೀತಿಯ ವಿಮರ್ಶೆಯನ್ನು ದಾಟಿ ನೆಹರೂ ಮನೆತನದ ಹಂಗಣೆಗೆ ಇಳಿಯುತ್ತಿತ್ತೆಂಬುದನ್ನು ಅಲ್ಲಗಳೆಯಲಾಗದು. ಇಂತಹ ಟೀಕೆಯನ್ನು ಸಭೆಯಲ್ಲಿ ಕುಳಿತು ಕೇಳಿಸಿಕೊಂಡ ಪ್ರಧಾನಿಯ ಸಂಸದೀಯ ಶ್ರದ್ಧೆಗೆ ಅವರಿಂದ ತಕ್ಕ ಮನ್ನಣೆ ದೊರೆಯಲಿಲ್ಲ. ಕಾಂಗ್ರೆಸ್ಸನ್ನು ಮಣಿಸಲು ಜನಸಂಘವನ್ನೂ ಜೊತೆಗೂಡಿಸಿಕೊಂಡ ಅವರ ಕೊನೆಯ ವರ್ಷಗಳ ತಂತ್ರ ಇಂದಿಗೂ ವಿವಾದಾಸ್ಪದ.

1964ರ ಮೇ 27ರಂದು ನೆಹರೂ ನಿಧನರಾದಾಗ ಲೋಹಿಯಾ ಅಮೆರಿಕದಲ್ಲಿದ್ದರು. ಮರುದಿನ ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ, ಬಿಳಿಯರಿಗಷ್ಟೇ ಮೀಸಲಾಗಿದ್ದ ಉಪಾಹಾರ ಗೃಹವೊಂದಕ್ಕೆ ಪ್ರವೇಶಿಸಲೆತ್ನಿಸಿ ಅವರು ಪೊಲೀಸರ ವಶವಾದರು.