ನಿರೀಕ್ಷೆಯ ಬಲದಿಂದ ಬಾಳಿದ ಕಿಟ್ಟೆಲ್ ಮಹಾಶಯರು

ಲೋಕದಲ್ಲಿ ಕಷ್ಟವನ್ನು ಕಾಣದ ಮನುಷ್ಯನಿಲ್ಲ. ರಾಜನಾಗಲಿ ರೈತನಾಗಲಿ, ವಿದ್ವಾಂಸನಾಗಲಿ ಅಕ್ಷರವರಿಯದವನಾಗಲಿ, ರೋಗ, ಮರಣ, ದಾರಿದ್ರ್ಯ, ಅಪಜಯಗಳು ಒಂದಲ್ಲ ಒಂದು ದಿನ ಅವನ ಮನೆಯನ್ನು ಹುಡುಕಿಕೊಂಡು ಬಂದೇ ಬರುತ್ತವೆ. ಅಂತಹ ಕಾಲದಲ್ಲಿ ಎದೆಗೆಡದೆ ನಿಲ್ಲುವುದಕ್ಕೆ ಪ್ರತಿಯೊಂದು ಧರ್ಮವೂ ತನ್ನ ಅನುಯಾಯಿಗಳಿಗೆ ಒಂದು ಊರುಗೋಲನ್ನು ಕೊಟ್ಟಿದೆ. ಕ್ರೈಸ್ತ ಧರ್ಮವು ಕೊಟ್ಟ ಊರುಗೋಲಿಗೆ ಕನ್ನಡ ಬೈಬಲ್ಲಿನಲ್ಲಿ ನಿರೀಕ್ಷೆ ಎಂಬ ಹೆಸರುಂಟು. ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರನ್ನು ಆ ಧರ್ಮವು ಮುಖ್ಯ ಗುಣಗಳೆಂದು ಎಣಿಸುತ್ತದೆ.

ನಾವು ದಿನಬಳಕೆಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೋ ಊರಿಂದ ಬರುವ ಬಂಧುಗಳಿಗೋ ಕಾದಿರುವುದನ್ನು ನಿರೀಕ್ಷೆ ಎನ್ನುತ್ತೇವೆ. ಬೈಬಲ್ಲಿನ ನಿರೀಕ್ಷೆಯು ಇದಕ್ಕಿಂತ ಆಳವಾದುದು. ಇನ್ನೂ ಕಣ್ಣಿಗೆ ಕಾಣದ ಒಳಿತನ್ನು ದೇವರು ನಡೆಸಿಕೊಡುವನೆಂದು ನಂಬಿ, ತಾಳ್ಮೆಯಿಂದ ತನ್ನ ಪಾಲಿನ ಕೆಲಸವನ್ನು ಮಾಡುತ್ತಿರುವುದೇ ಅದರ ತಿರುಳು. ಸಂತ ಪೌಲನು ರೋಮಿನ ಸಭೆಗೆ ಬರೆದ ಪತ್ರದಲ್ಲಿ ಕಷ್ಟದಿಂದ ತಾಳ್ಮೆಯೂ, ತಾಳ್ಮೆಯಿಂದ ಪಳಗಿದ ಗುಣವೂ, ಅದರಿಂದ ನಿರೀಕ್ಷೆಯೂ ಹುಟ್ಟುವುದೆಂದು ಕ್ರಮವಾಗಿ ತೋರಿಸಿದ್ದಾನೆ. ಇಬ್ರಿಯರಿಗೆ ಬರೆದ ಪತ್ರದಲ್ಲಿ ನಿರೀಕ್ಷೆಯನ್ನು ಲಂಗರಿಗೆ ಹೋಲಿಸಲಾಗಿದೆ. ಈ ಲಂಗರನ್ನು ನೆಚ್ಚಿ ಬಾಳಿ, ನಮ್ಮ ನುಡಿಗೆ ಮಹೋಪಕಾರ ಮಾಡಿದ ಪರದೇಶೀಯರೊಬ್ಬರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡಬಯಸುತ್ತೇವೆ. ಅವರೇ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ ಮಹಾಶಯರು.

ಕಿಟ್ಟೆಲ್ಲರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ಅದೇ ವರ್ಷ ಮದರಾಸಿನಲ್ಲಿ ವಿಲಿಯಂ ರೀವ್ ಎಂಬ ಪಾದ್ರಿಯ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಆ ಕೆಲಸವನ್ನು ಹಲವು ಪಟ್ಟು ಹಿಗ್ಗಿಸಿ ಪೂರ್ಣಗೊಳಿಸಬೇಕಾದ ಶಿಶುವು ಸಾವಿರಾರು ಮೈಲಿಗಳ ಆಚೆ, ಕನ್ನಡದ ಒಂದಕ್ಷರವನ್ನೂ ಕೇಳದ ನಾಡಿನಲ್ಲಿ ತೊಟ್ಟಿಲಲ್ಲಿತ್ತು. ತಂದೆ ಧರ್ಮೋಪದೇಶಕರು. ಮನೆಯಲ್ಲಿ ವಿದ್ಯೆಗೆ ಆದರವಿತ್ತು. ಬಾಲಕನು ಹೀಬ್ರೂ, ಗ್ರೀಕ್, ಲ್ಯಾಟಿನ್ ಮುಂತಾದ ಭಾಷೆಗಳನ್ನು ಕಲಿತನು. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ಸಂಸ್ಥೆಯಲ್ಲಿ ತರಬೇತಿ ಪಡೆದು, 1853ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಭಾರತಕ್ಕೆ ಬಂದನು.

ಈ ವರ್ಷವನ್ನು ನಮ್ಮ ಠಾಣೆಯ ಮಕ್ಕಳು ಸುಲಭವಾಗಿ ನೆನಪಿನಲ್ಲಿಡಬಹುದು. 1853ರ ಏಪ್ರಿಲ್ 16ರಂದೇ ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಹಳಿಗಳು ಕಲ್ಯಾಣವನ್ನು ಮುಟ್ಟಿದವು. ಆದರೆ ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಯೂರೋಪಿನಿಂದ ಇಲ್ಲಿಗೆ ಬರುವವರು ತವರನ್ನು ಮತ್ತೆ ಕಾಣುವೆವೆಂಬ ಖಾತ್ರಿಯಿಲ್ಲದೆಯೇ ಹೊರಡುತ್ತಿದ್ದರು.

ಬಾಸೆಲ್ ಮಿಶನಿನವರು 1834ರಲ್ಲಿಯೇ ಮಂಗಳೂರಿಗೆ ಬಂದು, ಶಾಲೆಗಳನ್ನೂ ಅಚ್ಚುಕೂಟವನ್ನೂ ಸ್ಥಾಪಿಸಿದ್ದರು. ಕಿಟ್ಟೆಲ್ಲರು ಮೊದಲು ಧಾರವಾಡದ ಸೀಮೆಯಲ್ಲಿ ನಿಂತು ಕನ್ನಡವನ್ನು ಅಭ್ಯಸಿಸಿದರು. ಕನ್ನಡಿಗರೊಡನೆ ಬಾಳಬೇಕಾದವನು ಕನ್ನಡಿಗನೇ ಆಗಬೇಕೆಂಬುದು ಅವರ ನಿಶ್ಚಯ. ಹಳ್ಳಿಗಳಲ್ಲಿ ನಡೆದಾಡಿ ಜನರ ಮಾತನ್ನು ಆಲಿಸಿದರು; ಪಂಡಿತರ ಬಳಿ ಕುಳಿತು ಹಳಗನ್ನಡವನ್ನು ಓದಿದರು. ಜೈನರ ಕಾವ್ಯ, ವೀರಶೈವರ ಪುರಾಣ, ದಾಸರ ಪದ, ಯಾವುದನ್ನೂ ಅನ್ಯಮತದ್ದೆಂದು ಬದಿಗಿರಿಸಲಿಲ್ಲ. 1862ರಲ್ಲಿ ಕಥಾಮಾಲೆ ಎಂಬ ಹೆಸರಿನಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ನಾಡಿನ ಛಂದಸ್ಸುಗಳಲ್ಲಿಯೇ ಹಾಡಿದರು.

ಆದರೆ ಅವರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಧರ್ಮಪ್ರಚಾರಕ್ಕೆ ಬಂದವನು ಹಳೆಯ ಗ್ರಂಥಗಳಲ್ಲಿ ಮುಳುಗಿರುವುದು ಅವರ ಸಹೋದ್ಯೋಗಿಗಳಲ್ಲಿ ಅನೇಕರಿಗೆ ರುಚಿಸಲಿಲ್ಲ. ಸ್ವಭಾವದಲ್ಲಿಯೂ ಹಿನ್ನೆಲೆಯಲ್ಲಿಯೂ ಅವರು ಆ ಬಳಗದಲ್ಲಿ ಹೊರಗಿನವರಂತೆಯೇ ಇದ್ದರು. ಪರರ ವಿರೋಧವನ್ನು ಎದುರಿಸುವುದು ಸುಲಭ. ತನ್ನವರ ಔದಾಸೀನ್ಯವನ್ನು ಸಹಿಸುವುದು ಕಷ್ಟ. ಈ ಒಂಟಿತನದ ಜೊತೆಗೆ ಮನೆಯ ದುಃಖವೂ ಬಂದೊದಗಿತು. 1860ರ ದಶಕದಲ್ಲಿ, ಮದುವೆಯಾದ ಕೆಲವೇ ವರ್ಷಗಳಲ್ಲಿ, ಅವರ ಪತ್ನಿ ಪೌಲೀನ ತೀರಿಕೊಂಡರು. ತಾಯಿಯಿಲ್ಲದ ಎಳೆಯ ಮಕ್ಕಳು, ಪರದೇಶ, ಮುಗಿಯದ ಕೆಲಸ! ಕೆಲಕಾಲದ ಬಳಿಕ ಪೌಲೀನರ ತಂಗಿ ಜೂಲಿಯವರು ಅವರ ಕೈಹಿಡಿದರು. ಆ ಕಾಲದ ಮಿಶನರಿಗಳು ಸಾಮಾನ್ಯವಾಗಿ ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ಯೂರೋಪಿಗೆ ಕಳುಹಿಸಿ, ವರ್ಷಗಟ್ಟಲೆ ಅವರ ಮುಖ ಕಾಣದೆ ಇರಬೇಕಾಗಿತ್ತು. ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಮಡಿಲಲ್ಲಿ ಬಿಟ್ಟು ಈ ಮಹಾನಗರಕ್ಕೆ ದುಡಿಯಲು ಬಂದ ತಂದೆತಾಯಿಗಳಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಕಿಟ್ಟೆಲ್ಲರು ಲೇಖನಿಯನ್ನು ಕೆಳಗಿಡಲಿಲ್ಲ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ 1872ರಲ್ಲಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಹೊರತಂದರು. ಮಂಗಳೂರು, ಮಡಿಕೇರಿ, ಧಾರವಾಡ, ಎಲ್ಲಿಗೆ ಹೋದರೂ ಶಬ್ದಸಂಗ್ರಹದ ಚೀಟಿಗಳು ಅವರೊಡನೆ ಬೆಳೆಯುತ್ತಲೇ ಹೋದವು. ದೇಹಸ್ಥಿತಿ ಕೆಟ್ಟು ಜರ್ಮನಿಗೆ ಹಿಂದಿರುಗಿದಾಗಲೂ ಕೋಶದ ಕೆಲಸ ನಿಲ್ಲಲಿಲ್ಲ. ಅಲ್ಲಿ ಕುಳಿತು ಬಗೆಹರಿಸಲಾಗದ ಪದಗಳಿಗಾಗಿ, ಐವತ್ತರ ಗಡಿ ದಾಟಿದ ಮೇಲೆ, ಮತ್ತೆ ಕಡಲನ್ನು ದಾಟಿ ಕನ್ನಡನಾಡಿಗೆ ಬಂದರು. ಇಲ್ಲಿನ ಪಂಡಿತರ ನೆರವಿನಿಂದ ಒಂದೊಂದು ಪದವನ್ನೂ ಒರೆಗೆ ಹಚ್ಚಿದರು.

ನಿಘಂಟಿನ ಕೆಲಸವೆಂದರೆ ಏನೆಂಬುದನ್ನು ವಿದ್ಯಾರ್ಥಿಗಳು ಸ್ವಲ್ಪ ಯೋಚಿಸಬೇಕು. ಕವಿಯು ಒಂದು ಪದ್ಯ ಬರೆದರೆ ಅಂದೇ ಅದನ್ನು ಹಾಡಿ ಹರ್ಷಿಸಬಹುದು. ಕೋಶಕಾರನಿಗೆ ಆ ಸುಖವಿಲ್ಲ. ಅ ಕಾರದಲ್ಲಿ ತೊಡಗಿದವನು ಕೊನೆಯ ಅಕ್ಷರವನ್ನು ಮುಟ್ಟುವವರೆಗೆ ಬದುಕಿರುವನೋ ಇಲ್ಲವೋ ಬಲ್ಲವರಾರು? ಅರ್ಧ ಮುಗಿದ ಕೋಶದಿಂದ ಯಾರಿಗೂ ಪೂರ್ಣ ಪ್ರಯೋಜನವಿಲ್ಲ. ಎರಡು ದಶಕಗಳಿಗೂ ಮಿಕ್ಕಿದ ದುಡಿಮೆಯಲ್ಲಿ ಪ್ರತಿದಿನವೂ ಕೈಗೆ ಸಿಕ್ಕಿದ್ದು ಕೆಲವು ಪದಗಳು ಮಾತ್ರ. ಕಾಣದ ಕೊನೆಯನ್ನು ನಂಬಿ ಇಂದಿನ ಪದಕ್ಕೆ ಅರ್ಥ ಬರೆಯುವುದು, ನಾಳೆ ಇನ್ನೊಂದನ್ನು ಎತ್ತಿಕೊಳ್ಳುವುದು: ಬೈಬಲ್ಲು ನಿರೀಕ್ಷೆ ಎನ್ನುವ ಗುಣಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ನಮಗೆ ತೋರುವುದಿಲ್ಲ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಆ ಮಹಾಕೋಶವು ಹೊರಬಂದಿತು. 1,700ಕ್ಕೂ ಹೆಚ್ಚು ಪುಟಗಳು, ಸುಮಾರು 70,000 ಶಬ್ದಗಳು. ಅರ್ಥದ ಜೊತೆಗೆ ಕಾವ್ಯಗಳ ಪ್ರಯೋಗಗಳುಂಟು, ಜನರ ಗಾದೆಗಳುಂಟು. ತಮಿಳು, ತೆಲುಗು, ಮಲಯಾಳ, ತುಳು ನುಡಿಗಳಲ್ಲಿರುವ ಸೋದರ ರೂಪಗಳುಂಟು. ತುಳುವನ್ನು ಮನೆಮಾತಾಗಿ ಉಳ್ಳ ನಮ್ಮ ಮಕ್ಕಳು ತಮ್ಮ ಅಡುಗೆಮನೆಯ ಮಾತುಗಳನ್ನು ಈ ಕೋಶದಲ್ಲಿ ಕಂಡು ಹಿಗ್ಗಬಹುದು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಗ್ರಂಥವು ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ, ಟ್ಯೂಬಿಂಗನ್ನಿನಲ್ಲಿ ಅವರು ಕಾಲವಾದರು. ಧಾರವಾಡದ ಕಿಟ್ಟೆಲ್ ಕಾಲೇಜು ಅವರ ಹೆಸರನ್ನು ಇಂದಿಗೂ ಹೊತ್ತಿದೆ.

ಕಿಟ್ಟೆಲ್ಲರು ತಮ್ಮ ಧರ್ಮವನ್ನು ಸಾರಲು ಬಂದವರೆಂಬುದನ್ನು ಮರೆಮಾಚಬೇಕಾಗಿಲ್ಲ. ಅವರ ಮತವನ್ನು ಒಪ್ಪದವರೂ ಅವರ ಕೋಶವನ್ನು ಕಣ್ಣಿಗೊತ್ತಿಕೊಂಡಿದ್ದಾರೆ. ಕ್ರಿಸ್ತನಲ್ಲಿಟ್ಟ ನಿರೀಕ್ಷೆಯು ಅವರಿಗೆ ಬಲ ಕೊಟ್ಟಿತು; ಆ ಬಲದಿಂದಾದ ಕೆಲಸವು ಜೈನ, ವೀರಶೈವ, ವೈಷ್ಣವ, ಮುಸಲ್ಮಾನ, ಕ್ರೈಸ್ತ ಎಂಬ ಭೇದವಿಲ್ಲದೆ ಕನ್ನಡಿಗರೆಲ್ಲರ ಸೊತ್ತಾಯಿತು.

ನಮ್ಮ ಈ ಭಾಗದ ಕನ್ನಡಿಗರೂ ಕಷ್ಟವನ್ನು ಕಂಡವರೇ. 2005ರ ಜುಲೈ 26ರ ಮಹಾಮಳೆಯಲ್ಲಿ ಕಲ್ಯಾಣ, ಡೊಂಬಿವಲಿಗಳ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. 2020ರಲ್ಲಿ ಮಹಾಮಾರಿಯಿಂದ ಹೋಟೆಲುಗಳು ಬಾಗಿಲು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಸಂಪಾದನೆ ನಿಂತಿತು. ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಉದ್ಯೋಗಕ್ಕೆ ಇಂಗ್ಲಿಷ್. ಹೀಗಿರಲು ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಿ ಫಲವೇನೆಂದು ಕೇಳುವ ಪೋಷಕರುಂಟು. ಅವರ ಚಿಂತೆ ಸುಳ್ಳಲ್ಲ. ಮಕ್ಕಳ ಸಂಖ್ಯೆ ಇಳಿಯುವುದನ್ನು ಕಂಡು ಉಪಾಧ್ಯಾಯರಾದ ನಮ್ಮ ಮನಸ್ಸೂ ಕುಗ್ಗುವುದುಂಟು. ಆಗೆಲ್ಲ ನಾವು ಕಿಟ್ಟೆಲ್ಲರನ್ನು ನೆನೆಯುತ್ತೇವೆ. ಕನ್ನಡವು ಅವರಿಗೆ ತಾಯ್ನುಡಿಯಲ್ಲ, ಹೊಟ್ಟೆ ತುಂಬಿಸುವ ನುಡಿಯೂ ಅಲ್ಲ. ಆದರೂ ಅವರು ಅದಕ್ಕೆ ಒಂದು ಜೀವಮಾನವನ್ನು ಕೊಟ್ಟರು.

ವಿದ್ಯಾರ್ಥಿಗಳೇ, ಮನೆಯಲ್ಲಿ ಕಾಯಿಲೆ ಬಂದಾಗ, ತಂದೆಯ ಕೆಲಸ ಹೋದಾಗ, ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾದಾಗ, ಎಲ್ಲವೂ ಮುಗಿಯಿತೆಂದು ಕೈಚೆಲ್ಲಿ ಕೂಡಬೇಡಿರಿ. ನೀವು ಯಾವ ದೇವರನ್ನು ಪ್ರಾರ್ಥಿಸುವವರಾದರೂ ಸರಿಯೇ, ಒಳಿತು ಬಂದೇ ಬರುವುದೆಂದು ನಂಬಿ, ಆ ದಿನದ ಪಾಠವನ್ನು ಆ ದಿನವೇ ಓದಿರಿ. ಬಿಡುವಾದಾಗ ಕಿಟ್ಟೆಲ್ ಕೋಶವನ್ನು ತೆರೆದು ದಿನಕ್ಕೊಂದು ಹೊಸ ಪದವನ್ನು ಕಲಿಯಿರಿ. ಆ ಮಹನೀಯರ ಋಣವನ್ನು ಕಿಂಚಿತ್ತಾದರೂ ತೀರಿಸುವ ದಾರಿ ಇದೇ ಎಂದು ನಾವು ತಿಳಿದಿದ್ದೇವೆ.