ಹಾಫ್‌ಕಿನ್: ಪ್ಲೇಗಿನ ಎದುರು ನಿಂತ ಯಹೂದಿ ವಿಜ್ಞಾನಿ

ಪ್ಲೇಗು ಎಂದರೆ ಇಂದಿನ ಮಕ್ಕಳಿಗೆ ಪಾಠದಲ್ಲಿ ಬರುವ ಒಂದು ಹೆಸರು ಮಾತ್ರ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ನಮ್ಮ ಮುತ್ತಜ್ಜಂದಿರಿಗೆ ಅದು ಇಲಿ ಸತ್ತು ಬಿದ್ದ ಕೂಡಲೇ ಮನೆ ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವ ಭಯವಾಗಿತ್ತು. ಆ ರೋಗಕ್ಕೆ ಮೊದಲ ಪರಿಣಾಮಕಾರಿ ಲಸಿಕೆ ತಯಾರಿಸಿದವರು ವಾಲ್ಡೆಮಾರ್ ಹಾಫ್‌ಕಿನ್.

ಅವರು 1860ರಲ್ಲಿ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಒಡೆಸ್ಸಾ ನಗರದ ಯಹೂದಿ ಮನೆತನದಲ್ಲಿ ಜನಿಸಿದರು. ಮತಾಂತರವಾದರೆ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ ಹುದ್ದೆ ಸಿಗುತ್ತಿತ್ತು. ಅವರು ಒಪ್ಪಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಸಣ್ಣ ಕೆಲಸಕ್ಕೆ ಸೇರಿದರು. ಅಲ್ಲಿಯೇ ಕಾಲರಾ ಲಸಿಕೆ ಸಿದ್ಧಪಡಿಸಿ, 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಕೋಣೆ ಮತ್ತು ಅದರ ಪಡಸಾಲೆ. ಮಾಂಸದ ಸಾರಿನ ಮೇಲೆ ತುಪ್ಪ ತೇಲಿಸಿ ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು ಲಸಿಕೆ ಮಾಡಿದರು. ಆ ಸಾರಿಗೆ ದನದ ಮಾಂಸವನ್ನಾಗಲಿ ಹಂದಿ ಮಾಂಸವನ್ನಾಗಲಿ ಬಳಸದೆ ಆಡಿನ ಮಾಂಸ ಬಳಸಿದರು. ಹಿಂದೂಗಳ ಮನಸ್ಸೂ ಮುಸ್ಲಿಮರ ಮನಸ್ಸೂ ನೋಯಬಾರದೆಂಬ ಎಚ್ಚರ ಅದು. ಆಹಾರದ ನಿಯಮವೆಂದರೇನು ಎಂಬುದು ಯಹೂದಿ ಮನೆಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿರಲಿಲ್ಲ.

1897ರ ಜನವರಿ 10ರಂದು ಮೊದಲ ಚುಚ್ಚುಮದ್ದನ್ನು ತಮ್ಮ ದೇಹಕ್ಕೇ ತೆಗೆದುಕೊಂಡರು. ಜ್ವರ ಬಂತು, ನೋವಾಯಿತು, ಕೆಲಸ ಮಾತ್ರ ನಿಲ್ಲಲಿಲ್ಲ. ನಂತರ ಬೈಕುಲ್ಲಾ ಸೆರೆಮನೆಯ ಕೈದಿಗಳಲ್ಲಿ ಒಪ್ಪಿ ಮುಂದೆ ಬಂದವರಿಗೆ ಹಾಕಲಾಯಿತು. (ಕೈದಿಯ ಒಪ್ಪಿಗೆ ಎಷ್ಟು ಸ್ವತಂತ್ರ ಎಂದು ಇಂದು ನಾವು ಕೇಳಬಹುದು, ಆ ಕಾಲದಲ್ಲಿ ಅಷ್ಟಾಗಿ ಕೇಳುತ್ತಿರಲಿಲ್ಲ.) ಜನರಲ್ಲಿ ಲಸಿಕೆಯ ಬಗ್ಗೆ ಸಂಶಯವಿದ್ದಾಗ ಆಗಾ ಖಾನರು ತಾವೇ ಚುಚ್ಚುಮದ್ದು ಹಾಕಿಸಿಕೊಂಡು ಖೋಜಾ ಸಮುದಾಯಕ್ಕೆ ಧೈರ್ಯ ತುಂಬಿದರು, ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. 1898ರಲ್ಲಿ ನಮ್ಮ ಹುಬ್ಬಳ್ಳಿಯೊಂದರಲ್ಲೇ 30 ಸಾವಿರಕ್ಕೂ ಹೆಚ್ಚು ಜನ ಈ ಲಸಿಕೆ ಪಡೆದರು. ಯಾರ ಮತವನ್ನೂ ಕೇಳಿ ಹಾಕಿದ್ದಲ್ಲ.

1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ತೀರಿಕೊಂಡರು. ಎಲ್ಲರಿಗೂ ಒಂದೇ ಸೀಸೆಯ ಮದ್ದು. ಆಪಾದನೆ ಹಾಫ್‌ಕಿನ್ ಮೇಲೆ ಬಂದು ಹುದ್ದೆ ಹೋಯಿತು. ಸೀಸೆ ತೆರೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ್ದರು ಎಂಬ ಅಂಶ ವಿಚಾರಣೆಯಲ್ಲಿ ಮೊದಲಿನಿಂದಲೂ ಇತ್ತು. ಆದರೂ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ಬರೆದು ಒತ್ತಾಯಿಸಿ 1907ರಲ್ಲಿ ಅವರು ನಿರ್ದೋಷಿ ಎನಿಸಿಕೊಳ್ಳಬೇಕಾಯಿತು. ಇಷ್ಟು ಅವಮಾನವಾದ ದೇಶಕ್ಕೆ ಅವರು ಮತ್ತೆ ಬಂದರು, ಕಲ್ಕತ್ತೆಯಲ್ಲಿ ಕೆಲಸ ಮಾಡಿದರು.

ಮುಂಬಯಿಯ ಪ್ರಯೋಗಶಾಲೆಗೆ 1925ರಲ್ಲಿ ಅವರ ಹೆಸರಿಡಲಾಯಿತು. ಕೊನೆಗಾಲದಲ್ಲಿ ಅವರು ಧರ್ಮಾಚರಣೆಯಲ್ಲಿ ಇನ್ನಷ್ಟು ನಿಷ್ಠರಾದರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನರಾದಾಗ, ಅವರ ಗಳಿಕೆ ಪೂರ್ವ ಯೂರೋಪಿನ ಯಹೂದಿ ಧಾರ್ಮಿಕ ಪಾಠಶಾಲೆಗಳಿಗೆ ಸೇರಿತು. ಅಲ್ಲಿ ಧರ್ಮದ ಜೊತೆಗೆ ವಿಜ್ಞಾನವನ್ನೂ ಕೈಕಸುಬನ್ನೂ ಕಲಿಸಬೇಕೆಂಬುದು ಅವರ ಇಚ್ಛೆಯಾಗಿತ್ತು.